ಐವಿಎಫ್, ಬಾಡಿಗೆ ತಾಯಿ, ದತ್ತು: ಹಾಸನ, ಚಿಕ್ಕಮಗಳೂರಿನಲ್ಲಿ ಕುಳಿತು ಯೋಚಿಸುತ್ತಿರುವವರಿಗೆ

ನನ್ನ ತಂಗಿಯ ಮನೆ ಮೂಡಿಗೆರೆ ಕಡೆ. ನಾಲ್ಕು ಎಕರೆ ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸು, ಎರಡು ನಾಯಿ. ನಾನಿರುವುದು ಹಾಸನದಲ್ಲಿ. ಆರು ವರ್ಷ ಅವಳ ಜೊತೆ ಆಸ್ಪತ್ರೆ, ಕೋರ್ಟು, ಕಚೇರಿ ಅಂತ ತಿರುಗಿದವಳು ನಾನೇ. ಬೆಂಗಳೂರಿಗೆ ಹೋಗುವ ಹಿಂದಿನ ರಾತ್ರಿ ಅವಳು ನಮ್ಮನೆಗೆ ಬಂದು ಮಲಗುತ್ತಿದ್ದಳು. ಬೆಳಗಿನ ಜಾವ ಇಬ್ಬರೂ ಹೊರಡುತ್ತಿದ್ದೆವು. ಒಂದು ದಿನ ಸುಮ್ನೆ ಅವಳ ಫೈಲನ್ನು ಅಡುಗೆಮನೆ ತಕ್ಕಡಿಯಲ್ಲಿಟ್ಟು ನೋಡಿದೆ. ಎರಡು ಕೆಜಿ ಚಿಲ್ಲರೆ.

ಅಷ್ಟು ಕಾಗದ ಓದಿದ್ದಕ್ಕೆ ಈಗ ನನಗೆ ಫೋನ್ ಬರುತ್ತವೆ. ಅರಸೀಕೆರೆಯಿಂದ, ಕೊಪ್ಪದಿಂದ, ಗೊತ್ತಿದ್ದವರಿಗೆ ಗೊತ್ತಿದ್ದವರಿಂದ. ಪ್ರಶ್ನೆ ಹೆಚ್ಚೂಕಡಿಮೆ ಒಂದೇ. "ಅಕ್ಕಾ, ಬಾಡಿಗೆ ತಾಯಿ ಮಾಡಿಸಿದರೆ ಹೇಗೆ? ಎಷ್ಟಾಗುತ್ತೆ?" ನಾನು ತಿರುಗಿ ಕೇಳುತ್ತೇನೆ: "ತೊಂದರೆ ಎಲ್ಲಿದೆ ಅಂತ ಡಾಕ್ಟರ್ ಹೇಳಿದ್ದಾರೆ?" ಎಷ್ಟೋ ಜನ ಅಲ್ಲಿಗೇ ತಡವರಿಸುತ್ತಾರೆ. ಕಿಗ್ಗದ ಋಷ್ಯಶೃಂಗನಿಗೆ ಹೋಗಿ ಬಂದಿರುತ್ತಾರೆ, ಹಾಸನಾಂಬೆ ಬಾಗಿಲು ತೆಗೆದಾಗ ಸಾಲಲ್ಲಿ ನಿಂತಿರುತ್ತಾರೆ, ನಾಟಿ ಔಷಧಿಯನ್ನೂ ಕುಡಿದಿರುತ್ತಾರೆ. ಗಂಡನ ಟೆಸ್ಟ್ ಮಾತ್ರ ಆಗಿರುವುದಿಲ್ಲ.

ಐವಿಎಫ್ (ಲ್ಯಾಬಿನಲ್ಲಿ ಭ್ರೂಣ ಮಾಡಿ ಗರ್ಭಕ್ಕೆ ಇಡುವುದು), ಬಾಡಿಗೆ ತಾಯ್ತನ (ನಿಮ್ಮ ಮಗುವನ್ನು ಇನ್ನೊಬ್ಬಳು ಹೊತ್ತು ಹೆರುವುದು), ದತ್ತು – ಇವು ಒಂದೇ ಅಂಗಡಿಯ ಮೂರು ರೇಟಿನ ಸೀರೆಗಳಲ್ಲ. ಒಂದು ಆಗಲಿಲ್ಲ ಅಂದರೆ ಸ್ವಲ್ಪ ಜಾಸ್ತಿ ದುಡ್ಡು ಹಾಕಿ ಮುಂದಿನದು ಅನ್ನುವ ಹಾಗಿಲ್ಲ. ಒಂದೊಂದು ಒಂದೊಂದು ತೊಂದರೆಗೆ.

ಮೊದಲು ತೊಂದರೆ ಎಲ್ಲಿ ಅಂತ ತಿಳಿಯಿರಿ

ಅಂಡಾಣು ಬೇಕು, ವೀರ್ಯಾಣು ಬೇಕು, ಒಂಬತ್ತು ತಿಂಗಳು ಹೊರುವ ಗರ್ಭಕೋಶ ಬೇಕು. ಹೊರುವ ಜಾಗ ಚೆನ್ನಾಗಿದ್ದು ಉಳಿದೆರಡರಲ್ಲಿ ಕೊರತೆ ಇದ್ದರೆ ಇನ್ನೊಬ್ಬಳ ಬಸಿರು ಏನೂ ಸಹಾಯ ಮಾಡುವುದಿಲ್ಲ. ಗಂಡನ ವೀರ್ಯಾಣು ಕಡಿಮೆ ಇದ್ದರೆ ಒಂದೇ ಒಂದನ್ನು ಆರಿಸಿ ಅಂಡಾಣುವಿನೊಳಗೆ ಚುಚ್ಚುವ ಇಕ್ಸಿ ಎಂಬ ವಿಧಾನ ಇದೆ. ಅಂಡನಾಳ ಮುಚ್ಚಿದ್ದರೆ ಐವಿಎಫ್ ಇದೆ. ಹೆಂಡತಿಯ ಅಂಡಾಣು ಮುಗಿದಿದ್ದರೆ ದಾನಿಯ ಅಂಡಾಣು ತೆಗೆದುಕೊಂಡು ಅವಳೇ ಬಸಿರಾಗಬಹುದು. ನಮ್ಮ ಕಡೆ ಮಗು ಆಗದಿದ್ದರೆ ಮೊದಲ ದಿನದಿಂದ ಹೆಂಗಸನ್ನೇ ಮೇಜಿನ ಮೇಲೆ ಮಲಗಿಸುತ್ತಾರೆ. ಇಡೀ ಪಟ್ಟಿಯಲ್ಲಿ ಅಗ್ಗದ, ನೋವಿಲ್ಲದ ಟೆಸ್ಟ್ ಗಂಡನದ್ದೇ, ಅಲ್ವಾ? ಅದನ್ನು ಮೊದಲು ಮಾಡಿಸಿ.

ಗರ್ಭಕೋಶದಲ್ಲಿ ತೊಂದರೆ ಇದೆ ಅಂದರೂ ನೇರವಾಗಿ ಬಾಡಿಗೆ ತಾಯಿಗೆ ಹಾರಬೇಡಿ. ಒಳಗೆ ಅಡ್ಡಗೋಡೆ ಇದ್ದರೆ ಕತ್ತರಿಸಬಹುದು. ಗಡ್ಡೆ ಇದ್ದರೆ ಎಷ್ಟೋ ಸಲ ತೆಗೆಯಬಹುದು. ನನ್ನ ತಂಗಿಯದು ಟಿಬಿ. ಶ್ವಾಸಕೋಶದ್ದಲ್ಲ, ಗರ್ಭಕೋಶದ್ದು. ಕೆಮ್ಮಿಲ್ಲ, ಏನಿಲ್ಲ. ಮುಟ್ಟು ಕಡಿಮೆಯಾಗುತ್ತಾ ಬಂತು, ಅಷ್ಟೇ. ಔಷಧಿಯಿಂದ ಟಿಬಿ ಹೋಯಿತು. ಆದರೆ ಗರ್ಭಕೋಶದ ಒಳಪದರ ಸುಟ್ಟ ಚರ್ಮದ ಹಾಗೆ ಅಂಟಿಕೊಂಡಿತ್ತು. ದುರ್ಬೀನು ಹಾಕಿ ಎರಡು ಸಲ ಬಿಡಿಸಿದರು. ಮತ್ತೆ ಅಂಟಿತು. ಭಾರತದಲ್ಲಿ ಈ ಕಾರಣ ಅಪರೂಪವೇನಲ್ಲ. ಮದುವೆಯಾದ ಮೇಲೆ ಮುಟ್ಟು ತೀರಾ ಕಡಿಮೆಯಾದ ಹುಡುಗಿಯರಿಗೆ "ದಪ್ಪ ಆಗಿದ್ದೀಯ, ಅದಕ್ಕೆ" ಅಂತ ಹೇಳಿ ಕಳಿಸುವುದನ್ನು ಕೇಳಿದಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಹಾಗಾದರೆ ನಿಜವಾಗಿ ಇನ್ನೊಬ್ಬಳ ಬಸಿರು ಬೇಕಾಗುವುದು ಯಾರಿಗೆ? ಹುಟ್ಟಿನಿಂದಲೇ ಗರ್ಭಕೋಶ ಇಲ್ಲದವರಿಗೆ. ಹೆರಿಗೆಯಲ್ಲಿ ರಕ್ತ ನಿಲ್ಲದೆಯೋ, ಕ್ಯಾನ್ಸರ್ ಬಂದೋ ಗರ್ಭಕೋಶ ತೆಗೆಸಿದವರಿಗೆ. ಒಳಪದರ ಹಾಳಾದವರಿಗೆ. ಐವಿಎಫ್ ಮತ್ತೆ ಮತ್ತೆ ಸೋತವರಿಗೆ, ಕಾರಣ ತಿಳಿಯದೆ ಪದೇ ಪದೇ ಗರ್ಭ ಇಳಿದವರಿಗೆ. ಹೃದಯದ ಕಾಯಿಲೆಯಂಥದ್ದಿದ್ದು ಬಸಿರಾದರೆ ಜೀವಕ್ಕೇ ಅಪಾಯ ಇರುವವರಿಗೆ. 2022ರ ಸರೊಗಸಿ (ಅಂದರೆ ಬಾಡಿಗೆ ತಾಯ್ತನ) ನಿಯಮಗಳಲ್ಲಿ ಒಪ್ಪುವ ವೈದ್ಯಕೀಯ ಕಾರಣಗಳು ಹೆಚ್ಚೂಕಡಿಮೆ ಇವೇ. "ಕೆಲಸಕ್ಕೆ ರಜೆ ಸಿಗಲ್ಲ", "ಹೆರಿಗೆ ಅಂದರೆ ಭಯ" ಅನ್ನುವುದಕ್ಕೆ ಅಲ್ಲಿ ಜಾಗವಿಲ್ಲ.

ಕಸಿ ಗಿಡದ ಲೆಕ್ಕ

ಐವಿಎಫ್, ಬಾಡಿಗೆ ತಾಯ್ತನ ಎರಡಕ್ಕೂ ಮೊದಲರ್ಧ ಒಂದೇ. ಹೆಂಡತಿಗೆ ಹತ್ತು ಹನ್ನೆರಡು ದಿನ ಇಂಜೆಕ್ಷನ್. ಒಂದೇ ತಿಂಗಳಲ್ಲಿ ಹಲವು ಅಂಡಾಣು ಬಲಿಯಲಿ ಅಂತ. ಆಮೇಲೆ ಅರಿವಳಿಕೆ ಕೊಟ್ಟು ಸೂಜಿಯಲ್ಲಿ ಹೊರತೆಗೆಯುತ್ತಾರೆ. ಲ್ಯಾಬಿನಲ್ಲಿ ಗಂಡನ ವೀರ್ಯಾಣು ಸೇರಿಸಿ, ಮೂರರಿಂದ ಐದು ದಿನ ಬೆಳೆಸಿ ಭ್ರೂಣ ಮಾಡುತ್ತಾರೆ. ಐವಿಎಫ್‌ನಲ್ಲಿ ಅದನ್ನು ಅದೇ ಹೆಂಗಸಿನ ಗರ್ಭಕ್ಕೆ ಇಡುತ್ತಾರೆ. ಬಾಡಿಗೆ ತಾಯ್ತನದಲ್ಲಿ ಇನ್ನೊಬ್ಬಳಿಗೆ ಮಾತ್ರೆ ಕೊಟ್ಟು ಗರ್ಭಕೋಶದ ಒಳಪದರ ದಪ್ಪ ಮಾಡಿ, ಅಲ್ಲಿ ಇಡುತ್ತಾರೆ. ಎರಡು ವಾರಕ್ಕೆ ರಕ್ತಪರೀಕ್ಷೆ. ಮುಂದಿನದು ಎಲ್ಲ ಬಸಿರಿನ ಹಾಗೆಯೇ.

"ಹೊತ್ತವಳ ಗುಣ ಮಗುವಿಗೆ ಬರಲ್ವಾ?" ಅಂತ ನಮ್ಮತ್ತೆ ಕೇಳಿದ್ದರು. ಭಾವ, ಅಂದರೆ ತಂಗಿಯ ಗಂಡ, ತೋಟದವನಲ್ವಾ, ಕಸಿ ಗಿಡ ತೋರಿಸಿದ. ಕೆಳಗಿನ ಬೇರು ನೀರು, ಗೊಬ್ಬರ ಎಲ್ಲ ಕೊಡುತ್ತದೆ, ಅದಿಲ್ಲದೆ ಗಿಡವೇ ಇಲ್ಲ. ಆದರೆ ಹಣ್ಣು ಮೇಲೆ ಕಟ್ಟಿದ ತಳಿಯದ್ದು. ಅತ್ತೆಗೆ ಅರ್ಥವಾಯಿತು. ಸರೊಗಸಿ ಕಾಯ್ದೆ ಕೂಡ ಇದನ್ನೇ ಕಟ್ಟುನಿಟ್ಟು ಮಾಡಿದೆ: ಹೊರುವ ಹೆಂಗಸು ತನ್ನ ಸ್ವಂತ ಅಂಡಾಣು ಕೊಡುವಂತಿಲ್ಲ. ಮಗುವಿಗೆ ದಂಪತಿಯ ಜೊತೆ ರಕ್ತಸಂಬಂಧ ಇರಬೇಕು. 2023ರ ಮಾರ್ಚ್‌ನಲ್ಲಿ ಅಂಡಾಣು, ವೀರ್ಯಾಣು ಎರಡೂ ದಂಪತಿಯದ್ದೇ ಆಗಿರಬೇಕು ಅಂತ ನಿಯಮ ಬಿಗಿಯಾಯಿತು. ಹುಟ್ಟಿನಿಂದ ಗರ್ಭಕೋಶ ಇಲ್ಲದ ಹೆಂಗಸರೊಬ್ಬರು ಸುಪ್ರೀಂ ಕೋರ್ಟಿಗೆ ಹೋದರು. 2024ರ ಫೆಬ್ರವರಿಯಲ್ಲಿ ನಿಯಮ ಸಡಿಲವಾಯಿತು. ಈಗ ಗಂಡ ಹೆಂಡತಿಯಲ್ಲಿ ಒಬ್ಬರಿಗೆ ವೈದ್ಯಕೀಯ ತೊಂದರೆ ಇದೆ ಅಂತ ಜಿಲ್ಲಾ ವೈದ್ಯಕೀಯ ಮಂಡಳಿ ಬರೆದುಕೊಟ್ಟರೆ ಒಂದನ್ನು ದಾನಿಯಿಂದ ತರಬಹುದು. ಎರಡನ್ನೂ ತರುವಂತಿಲ್ಲ.

ಐವಿಎಫ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದರ ಬೋರ್ಡು ಈಗ ಪ್ರತಿ ಊರಿನ ಬಸ್‌ಸ್ಟ್ಯಾಂಡಿನ ಹತ್ತಿರ ಇದೆ. ಒಂದು ಮಾತು ಮಾತ್ರ. ಬೋರ್ಡಿನಲ್ಲಿ ಬರೆದ ಶೇಕಡಾವಾರು ಯಶಸ್ಸನ್ನು ನಂಬಬೇಡಿ. ಹೆಂಡತಿಯ ವಯಸ್ಸು 35ರ ಒಳಗಿದ್ದರೆ ಒಂದು ಸುತ್ತಿಗೆ ಮಗು ಕೈಗೆ ಬರುವ ಸಾಧ್ಯತೆ ಸುಮಾರು ಮೂರರಲ್ಲಿ ಒಂದು. 40 ದಾಟಿದ ಮೇಲೆ ಅದು ಬಹಳ ಇಳಿಯುತ್ತದೆ. "ಗರ್ಭ ನಿಂತಿದ್ದು ಎಷ್ಟು" ಅಂತ ಕೇಳಬೇಡಿ, "ಮನೆಗೆ ಮಗು ಹೋಗಿದ್ದು ಎಷ್ಟು" ಅಂತ ಕೇಳಿ. ತಂಗಿಗೆ ಒಂದು ಸುತ್ತಿಗೆ ಎರಡು ಲಕ್ಷದ ಮೇಲಾಯಿತು. ಓಡಾಟ, ಲಾಡ್ಜು, ತೋಟದ ಕೆಲಸ ಬಿಟ್ಟದ್ದು ಬೇರೆ. ಭ್ರೂಣಗಳು ಚೆನ್ನಾಗಿಯೇ ಆಗಿದ್ದವು. ಮೂರು ಸಲ ಇಟ್ಟರು. ಮೂರೂ ಸಲ ನಿಲ್ಲಲಿಲ್ಲ. ಆಗಲೇ ಡಾಕ್ಟರು ಇನ್ನೊಬ್ಬಳ ಬಸಿರಿನ ಮಾತು ಎತ್ತಿದ್ದು.

'ಬಾಡಿಗೆ' ಇಲ್ಲದ ಬಾಡಿಗೆ ತಾಯಿ

ಈ ಹೆಸರೇ ಈಗ ಸುಳ್ಳು. 2022ರ ಜನವರಿ 25ರಿಂದ ಜಾರಿಯಲ್ಲಿರುವ ಕಾಯ್ದೆಯ ಪ್ರಕಾರ ಬಾಡಿಗೆ ಅನ್ನುವುದೇ ಅಪರಾಧ. ಹೊರುವವಳಿಗೆ ಆಸ್ಪತ್ರೆ ಖರ್ಚು, ನಿಯಮದಲ್ಲಿ ಹೇಳಿದ ಇತರ ಖರ್ಚು ಮತ್ತು 36 ತಿಂಗಳ ವಿಮೆ ಬಿಟ್ಟು ಬೇರೇನೂ ಕೊಡುವಂತಿಲ್ಲ. ದುಡ್ಡು ಕೊಟ್ಟು ಮಾಡಿಸಿಕೊಂಡ ದಂಪತಿಗೆ ಮೊದಲ ಸಲಕ್ಕೆ 5 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ವ್ಯಾಪಾರ ಮಾಡಿದ ಆಸ್ಪತ್ರೆಗೆ, ದಲ್ಲಾಳಿಗೆ 10 ವರ್ಷ, 10 ಲಕ್ಷದವರೆಗೆ.

ಯಾರು ಮಾಡಿಸಿಕೊಳ್ಳಬಹುದು? ಮದುವೆಯಾದ ಭಾರತೀಯ ದಂಪತಿ. ಹೆಂಡತಿಗೆ 23ರಿಂದ 50, ಗಂಡನಿಗೆ 26ರಿಂದ 55. ಬದುಕಿರುವ ಮಗು ಇರಬಾರದು. ಹೆತ್ತದ್ದೂ ಇರಬಾರದು, ದತ್ತು ತಂದದ್ದೂ ಇರಬಾರದು. ಇರುವ ಮಗುವಿಗೆ ಅಂಗವೈಕಲ್ಯ, ಬುದ್ಧಿಮಾಂದ್ಯತೆ ಅಥವಾ ವಾಸಿಯಾಗದ ಮಾರಕ ಕಾಯಿಲೆ ಇದ್ದರೆ ವಿನಾಯಿತಿ ಉಂಟು. ಒಂಟಿ ಹೆಂಗಸರಲ್ಲಿ ವಿಧವೆಗೆ, ವಿಚ್ಛೇದನ ಆದವಳಿಗೆ ಮಾತ್ರ ಅವಕಾಶ. ಅದೂ 35ರಿಂದ 45ರೊಳಗೆ, ಸ್ವಂತ ಅಂಡಾಣು ಇದ್ದರೆ. ಮದುವೆಯೇ ಆಗದವಳಿಗೆ ಇಲ್ಲ. ವಿಚಿತ್ರ ನೋಡಿ, ಅದೇ ಮದುವೆಯಾಗದವಳು ಐವಿಎಫ್ ಮಾಡಿಸಿ ತಾನೇ ಹೆರಬಹುದು, ದತ್ತು ತಗೊಳ್ಳಬಹುದು.

"ಮದುವೆಯಾಗಿ 5 ವರ್ಷ ಆಗಿರಬೇಕಂತೆ", "ಹತ್ತಿರದ ಸಂಬಂಧಿಯೇ ಹೊರಬೇಕಂತೆ" ಅಂತ ಈಗಲೂ ಹೇಳುವವರಿದ್ದಾರೆ. ಅವು ಹಳೆ ಮಸೂದೆಯ ಮಾತು. ಕೊನೆಗೆ ಬಂದ ಕಾಯ್ದೆಯಲ್ಲಿ ಎರಡೂ ಇಲ್ಲ. ಮನಸ್ಸಿದ್ದ ಯಾವ ಹೆಂಗಸಾದರೂ ಹೊರಬಹುದು. ಆದರೆ ಅವಳಿಗೆ ಮದುವೆಯಾಗಿರಬೇಕು, ಸ್ವಂತ ಮಗು ಇರಬೇಕು, ಭ್ರೂಣ ಇಡುವ ದಿನ ವಯಸ್ಸು 25ರಿಂದ 35ರೊಳಗಿರಬೇಕು, ದೇಹ ಮನಸ್ಸು ಎರಡೂ ಗಟ್ಟಿ ಅಂತ ಡಾಕ್ಟರು ಬರೆದುಕೊಟ್ಟಿರಬೇಕು. ಜೀವನದಲ್ಲಿ ಒಂದೇ ಸಲ. ಪ್ರಯತ್ನ ಮೂರಕ್ಕಿಂತ ಜಾಸ್ತಿ ಇಲ್ಲ.

ವಯಸ್ಸಿನ ಗೆರೆ ಕೋರ್ಟಿನಲ್ಲಿ ಒಂದೆರಡು ಸಲ ಬಳುಕಿದೆ. 2023ರಲ್ಲಿ ನಮ್ಮ ಹೈಕೋರ್ಟಿಗೆ ಒಂದು ದಂಪತಿ ಬಂದಿದ್ದರು. ಬೆಳೆದ ಮಗ ಅಪಘಾತದಲ್ಲಿ ಹೋಗಿದ್ದ. ಹೆಂಡತಿಗೆ ಗರ್ಭಕೋಶ ಇರಲಿಲ್ಲ. ಗಂಡನಿಗೆ 57. ವಂಶವಾಹಿ, ದೇಹ, ಹಣಕಾಸು ಈ ಮೂರರಲ್ಲೂ ಅವರು ಸರಿಯಿದ್ದಾರಾ ಅಂತ ಪರೀಕ್ಷೆ ಮಾಡುವ ದಾರಿಯನ್ನು ಕೋರ್ಟ್ ತೋರಿಸಿತು. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಕಾಯ್ದೆ ಬರುವ ಮುಂಚೆಯೇ ಭ್ರೂಣ ಮಾಡಿಸಿ ಇಟ್ಟಿದ್ದ ದಂಪತಿಗಳಿಗೆ ವಯಸ್ಸಿನ ಮಿತಿ ಅನ್ವಯಿಸುವುದಿಲ್ಲ ಅಂದಿತು. ನಿಮ್ಮದು ಅಂಥ ಪ್ರಕರಣ ಆಗಿದ್ದರೆ ವಕೀಲರನ್ನು ಕಾಣಿ. ಇಲ್ಲವಾದರೆ 50, 55 ಅಂತಲೇ ಲೆಕ್ಕ ಇಟ್ಟುಕೊಳ್ಳಿ.

ಕಾಗದದ ದಾರಿ ಹೀಗೆ. ಜಿಲ್ಲಾ ವೈದ್ಯಕೀಯ ಮಂಡಳಿ ಮುಂದೆ ಹೋಗಿ "ಇವರಿಗೆ ಇದು ಬೇಕು" ಎಂಬ ಪ್ರಮಾಣಪತ್ರ ತರಬೇಕು. ಮಂಡಳಿಯಲ್ಲಿ ಜಿಲ್ಲೆಯ ಆರೋಗ್ಯ ಅಧಿಕಾರಿ, ಹೆರಿಗೆ ತಜ್ಞರು, ಮಕ್ಕಳ ತಜ್ಞರು ಇರುತ್ತಾರೆ. ಆಮೇಲೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ, ಹುಟ್ಟುವ ಮಗು ಈ ದಂಪತಿಯದ್ದೇ ಎಂಬ ಆದೇಶ. ಈ ಆದೇಶವನ್ನು ಸಸಾರ ಮಾಡಬೇಡಿ. ಮಗು ಹುಟ್ಟಿದಾಗ ಜನನ ಪ್ರಮಾಣಪತ್ರಕ್ಕೆ ಆಧಾರ ಇದೇ. ನಂತರ ವಿಮೆ. ಇವೆಲ್ಲ ಕೂಡಿಸಿ ಸಕ್ಷಮ ಪ್ರಾಧಿಕಾರಕ್ಕೆ, ಅಂದರೆ ಇದಕ್ಕೆ ಅನುಮತಿ ಕೊಡುವ ಸರ್ಕಾರಿ ಅಧಿಕಾರಿಗಳಿಗೆ, ಅರ್ಜಿ. ಕ್ಲಿನಿಕ್ಕಿಗೂ ಸರೊಗಸಿ ಕಾಯ್ದೆಯಡಿ ಬೇರೆಯೇ ನೋಂದಣಿ ಇರಬೇಕು, ಐವಿಎಫ್ ನೋಂದಣಿ ಇದ್ದರೆ ಸಾಲದು. ಅದನ್ನು ತೋರಿಸಿ ಅಂತ ಕೇಳಿ. ಮುಖ ಸಿಂಡರಿಸಿದರೆ ಎದ್ದು ಬನ್ನಿ.

ಹೊರುವವಳು ಯಾರು?

ಇಲ್ಲಿಯವರೆಗಿನದು ಕಾಗದ. ಕಾಗದ ಹೇಗೋ ಆಗುತ್ತದೆ. ನಿಜವಾದ ಗಂಟು ಇಲ್ಲಿದೆ.

ಶೃಂಗೇರಿಯಲ್ಲಿ ತುಂಗೆಯ ದಡದ ಕಪ್ಪೆ ಶಂಕರನನ್ನು ನೀವೂ ನೋಡಿರುತ್ತೀರಿ. ಹೆರಿಗೆ ನೋವಿನಲ್ಲಿದ್ದ ಕಪ್ಪೆಗೆ ಬಿಸಿಲು ತಾಗದಿರಲಿ ಅಂತ ಹಾವು ಹೆಡೆ ಬಿಚ್ಚಿ ನಿಂತಿತ್ತಂತೆ. ನಮ್ಮ ಕಾನೂನು ಅಂಥದ್ದೇ ಒಂದು ಹೆಡೆಯನ್ನು ಹುಡುಕಿ ತನ್ನಿ ಅನ್ನುತ್ತದೆ. ಒಂಬತ್ತು ತಿಂಗಳು ವಾಂತಿ, ಬೆನ್ನುನೋವು, ಇಂಜೆಕ್ಷನ್. ಇನ್ನೊಬ್ಬರ ಅಂಡಾಣುವಿನಿಂದಾದ ಬಸಿರಿನಲ್ಲಿ ರಕ್ತದೊತ್ತಡ ಏರುವ ಅಪಾಯ ಸ್ವಲ್ಪ ಹೆಚ್ಚು. ಸಿಸೇರಿಯನ್ ಆಗಬಹುದು. ಕೊನೆಗೆ ಮಗುವನ್ನು ಕೊಟ್ಟು ಖಾಲಿ ಮಡಿಲಲ್ಲಿ, ಎದೆಹಾಲು ಕಟ್ಟಿಕೊಂಡು ಮನೆಗೆ. ಇದರಲ್ಲಿ ಡಾಕ್ಟರಿಗೆ ಫೀಸು ಇದೆ, ವಕೀಲರಿಗೆ ಇದೆ, ವಿಮೆ ಕಂಪನಿಗೆ ಕಂತು ಇದೆ. ಹೊರುವವಳಿಗೆ ಮಾತ್ರ ಪುಣ್ಯ. ನನಗಿದು ಅನ್ಯಾಯ ಅನ್ನಿಸುತ್ತದೆ. ಆದರೆ ದುಡ್ಡಿಗೆ ಬಿಟ್ಟಿದ್ದ ಕಾಲವೂ ಗೊತ್ತಿದೆ. ಗುಜರಾತಿನ ಆನಂದ್ ಊರಿಗೆ ಹೊರದೇಶದಿಂದೆಲ್ಲ ದಂಪತಿಗಳು ಬರುತ್ತಿದ್ದರು, ಬಸಿರು ಹೊರುತ್ತಿದ್ದವರು ಬಡ ಹೆಂಗಸರು. 2015ರಲ್ಲಿ ವಿದೇಶಿಯರಿಗೆ ಬಾಗಿಲು ಹಾಕಿದರು. ಆಮೇಲೆ ಎಲ್ಲರಿಗೂ ಬಾಡಿಗೆ ನಿಂತಿತು.

ತಂಗಿಗೆ ಮೊದಲ ಸಲಹೆ ಬಂದಿದ್ದು ಪಕ್ಕದ ತೋಟದವರಿಂದ. "ಹೊರಗೆ ಯಾಕೆ ಹುಡುಕ್ತೀರಿ, ನಿಮ್ಮ ಲೈನ್ ಮನೆಯಲ್ಲೇ ಇದ್ದಾಳಲ್ಲ, ಗಟ್ಟಿಮುಟ್ಟಾಗಿದ್ದಾಳೆ, ಎರಡು ಹೆತ್ತಿದ್ದಾಳೆ." ಸಹಾಯ ಮಾಡುವ ಮನಸ್ಸಿನಿಂದಲೇ ಹೇಳಿದ್ದು. ಲೈನ್ ಮನೆ ಅಂದರೆ ತೋಟದ ಆಳುಗಳ ಸಾಲುಮನೆ. ಆ ಹೆಂಗಸಿನ ಗಂಡ ಮುಂಗಡ ತೆಗೆದುಕೊಂಡಿದ್ದ, ಇರುವ ಮನೆ ತೋಟದ್ದು, ಮಕ್ಕಳ ಶಾಲೆ ಫೀಸಿಗೂ ಭಾವನನ್ನೇ ಕೇಳುತ್ತಿದ್ದರು. ಅವಳು "ಆಗಲ್ಲ ಅಮ್ಮಾ" ಅಂತ ಹೇಗೆ ಹೇಳಬೇಕು? ತಂಗಿ ಅವತ್ತು ಒಂದು ಮಾತು ಹೇಳಿದಳು, ನಾನು ಈಗ ಎಲ್ಲರಿಗೂ ಅದನ್ನೇ ಹೇಳುತ್ತೇನೆ. "ಇಲ್ಲ ಅಂದರೆ ಅವಳಿಗೆ ಏನಾದರೂ ಹೋಗುತ್ತೆ ಅಂದಮೇಲೆ, ಅವಳ ಹೂಂ ನನಗೆ ಬೇಡ."

ಇದೇ ಮಾತು ಸಂಬಂಧಿಕರಿಗೂ ಹೊಂದುತ್ತದೆ. ಗಂಡ ಸತ್ತ ನಾದಿನಿ, ಅಣ್ಣನ ಮನೆಯಲ್ಲೇ ಇರುವವಳು, "ನಾನು ಹೊರುತ್ತೇನೆ" ಅಂದರೆ ಖುಷಿಪಡುವ ಮುಂಚೆ ಎರಡು ಸಲ ಯೋಚಿಸಿ. ಅವಳನ್ನು ನಿಮ್ಮ ಮನೆಯವರು ಯಾರೂ ಇಲ್ಲದ ಕಡೆ ಡಾಕ್ಟರ ಜೊತೆ, ಆಪ್ತಸಮಾಲೋಚಕರ ಜೊತೆ ಕೂರಿಸಿ. ಒಪ್ಪಿಗೆ ಪತ್ರ ಅವಳಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು ಅಂತ ಕಾಯ್ದೆ ಹೇಳುತ್ತದೆ. ಕನ್ನಡದಲ್ಲಿ ಕೊಡಿ ಅಂತ ಹಠ ಹಿಡಿಯಿರಿ. ನಮಗೆ ಮೊದಲು ಕೊಟ್ಟಿದ್ದು ಇಂಗ್ಲಿಷಿನದು.

ಬೆಂಗಳೂರಿನ ಒಂದು ಕಡೆ, ಹೆಸರು ಬೇಡ, "ನಾವೇ ಒಬ್ಬರನ್ನು ಅರೇಂಜ್ ಮಾಡ್ತೀವಿ, ದೂರದ ಸಂಬಂಧಿ ಅಂತ ಬರೆಸೋಣ" ಅಂದರು. ಮೊತ್ತವನ್ನು ಬಾಯಲ್ಲಿ ಹೇಳಲಿಲ್ಲ, ಚೀಟಿಯಲ್ಲಿ ಬರೆದು ತಳ್ಳಿದರು. ಭಾವ ಚೀಟಿ ನೋಡದೆ ಎದ್ದ. ಸಿಕ್ಕಿಬಿದ್ದರೆ ಜೈಲು ಅನ್ನುವುದು ಒಂದು ಕಡೆ. ಸುಳ್ಳು ಹೇಳಿ ತಂದ ಕೋರ್ಟ್ ಆದೇಶದ ಮೇಲೆ ಮಗುವಿನ ಜನನ ಪ್ರಮಾಣಪತ್ರ ನಿಲ್ಲಬೇಕಲ್ಲ, ಅದು ಇನ್ನೊಂದು ಕಡೆ.

ಕೊನೆಗೆ ಮುಂದೆ ಬಂದವಳು ನಮ್ಮ ಚಿಕ್ಕಪ್ಪನ ಮಗಳು. 31 ವರ್ಷ, ಇಬ್ಬರು ಮಕ್ಕಳು, ಗಂಡನಿಗೂ ಒಪ್ಪಿಗೆ, ಯಾರ ಹಂಗೂ ಇಲ್ಲ. ಅವಳೇ ಬಾಯಿಬಿಟ್ಟು ಕೇಳಿದಳು. ಮಂಡಳಿ ಆಯಿತು, ಕೋರ್ಟ್ ಆಯಿತು, ವಿಮೆ ಆಯಿತು. ಮಾತ್ರೆ ಶುರುವಾಗಿ ಒಂದು ವಾರವಾಗಿತ್ತು. ಒಂದು ರಾತ್ರಿ ಅವಳ ಏಳು ವರ್ಷದ ಮಗ ಕೇಳಿದನಂತೆ: "ಅಮ್ಮಾ, ನಮ್ಮನ್ನೂ ಹೀಗೇ ಯಾರಿಗಾದರೂ ಕೊಡ್ತೀಯಾ?" ಬೆಳಿಗ್ಗೆ ಫೋನ್ ಮಾಡಿ ಅತ್ತಳು. ಭ್ರೂಣ ಇಡುವವರೆಗೆ ಹಿಂದೆ ಸರಿಯುವ ಹಕ್ಕು ಅವಳಿಗೆ ಕಾಯ್ದೆಯಲ್ಲೇ ಇದೆ. ತಂಗಿ "ಸರಿ ಕಣೇ" ಅಂದಳು, ಫೋನಿಟ್ಟಳು, ಆ ದಿನವೆಲ್ಲ ಕಣದಲ್ಲಿ ಕಾಫಿ ಹರಡಿದಳು.

ಹಾಗಾಗಿ ಹೇಳುತ್ತೇನೆ, ಹೊರುವವಳ ಮಕ್ಕಳಿಗೆ ಏನು ಹೇಳಬೇಕು ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ. ನಮಗೆ ಅದು ಹೊಳೆದಿರಲಿಲ್ಲ. ಊರಿಗೆ ಏನು ಹೇಳುತ್ತೀರಿ ಅನ್ನುವುದೂ ಅಷ್ಟೇ. ಮೂಡಿಗೆರೆ ಸಂತೆಯಲ್ಲಿ ಹೊಟ್ಟೆ ಮುಚ್ಚಿಟ್ಟುಕೊಳ್ಳಲಾಗುವುದಿಲ್ಲ. ಹೆಂಡತಿ ಸೀರೆಯೊಳಗೆ ಬಟ್ಟೆ ಕಟ್ಟಿಕೊಂಡು ಬಸಿರಿಯಂತೆ ನಟಿಸುವುದು, ಹೊರುವವಳನ್ನು ಬೆಂಗಳೂರಿನ ರೂಮಿನಲ್ಲಿ ಬಚ್ಚಿಡುವುದು ಇವೆಲ್ಲ ನಡೆಯುತ್ತವೆ ಅಂತ ಕೇಳಿದ್ದೇನೆ. ಅಷ್ಟು ನಾಚಿಕೆ ಇದ್ದರೆ ಈ ದಾರಿ ನಿಮಗಲ್ಲ.

ಎಲ್ಲ ಸರಿಹೋದವರಿಗೆ ಅನುಕೂಲವೂ ಇದೆ. ಮಗು ಹುಟ್ಟಿದ ಕೂಡಲೇ ಕಾನೂನಿನ ಲೆಕ್ಕದಲ್ಲಿ ನಿಮ್ಮ ಸ್ವಂತ ಮಗು, ಆಸ್ತಿ ಹಕ್ಕೂ ಸೇರಿ. ಕೆಲಸದಲ್ಲಿರುವ ತಾಯಿಗೆ ಮಗು ಕೈಗೆ ಬಂದ ದಿನದಿಂದ 12 ವಾರದ ಹೆರಿಗೆ ರಜೆ ಕಾನೂನಿನಲ್ಲಿದೆ. ಕೇಂದ್ರ ಸರ್ಕಾರಿ ನೌಕರರಿಗೆ 2024ರಿಂದ 180 ದಿನ, ಹೊರುವವಳೂ ನೌಕರಳಾಗಿದ್ದರೆ ಅವಳಿಗೂ ಅಷ್ಟೇ.

ದತ್ತು: ದುಡ್ಡು ಕಡಿಮೆ, ಕಾಯುವುದು ಜಾಸ್ತಿ

ದತ್ತು ಅಂದರೆ ಎಲ್ಲ ಸೋತ ಮೇಲಿನ ಕೊನೆಯ ಮೆಟ್ಟಿಲು ಅಂತ ನಾವೂ ಅಂದುಕೊಂಡಿದ್ದೆವು. ಅದೇ ನಮ್ಮ ದೊಡ್ಡ ತಪ್ಪು. ಕಾರಣ ಭಾವನೆಯದ್ದಲ್ಲ, ಲೆಕ್ಕದ್ದು. ಇಲ್ಲಿ ಗಂಡ ಹೆಂಡತಿಯ ವಯಸ್ಸನ್ನು ಕೂಡಿಸುತ್ತಾರೆ. 2 ವರ್ಷದೊಳಗಿನ ಮಗು ಬೇಕಾದರೆ ಇಬ್ಬರದೂ ಸೇರಿ 85 ದಾಟಬಾರದು. 2ರಿಂದ 4 ವರ್ಷದ ಮಗುವಿಗೆ 90. 4ರಿಂದ 8ಕ್ಕೆ 100. ಅದಕ್ಕೂ ದೊಡ್ಡ ಮಕ್ಕಳಿಗೆ 110. ಒಂಟಿಯಾಗಿದ್ದರೆ 40, 45, 50, 55. ಐವಿಎಫ್ ಅಂತ ಐದಾರು ವರ್ಷ ಸವೆಸಿದರೆ ಇಬ್ಬರದೂ ಸೇರಿ ಹತ್ತು ಹನ್ನೆರಡು ವರ್ಷ ಏರಿರುತ್ತದೆ, ನೋಡಿ.

ನೋಂದಣಿ ಮನೆಯಿಂದಲೇ, ಕೇಂದ್ರದ ಕೇರಿಂಗ್ಸ್ ಎಂಬ ವೆಬ್‌ಸೈಟಿನಲ್ಲಿ. ಮದುವೆಯಾಗಿ 2 ವರ್ಷ ಆಗಿರಬೇಕು. ಸಮಾಜ ಕಾರ್ಯಕರ್ತರು ಮನೆಗೆ ಬಂದು ವರದಿ ಬರೆಯುತ್ತಾರೆ. ತಂಗಿ ಅವತ್ತು ಮನೆಗೆ ಸುಣ್ಣ ಹೊಡೆಸಿದಳು, ಅವರು ಗೋಡೆ ನೋಡಲೇ ಇಲ್ಲ. ಅತ್ತೆಯ ಜೊತೆ ಅರ್ಧ ಗಂಟೆ ಮಾತಾಡಿದರು. ಆಮೇಲೆ ಸರತಿ. ಆರೋಗ್ಯವಂತ ಪುಟ್ಟ ಕೂಸೇ ಬೇಕು ಅಂದರೆ ಮೂರು ವರ್ಷ, ಅದಕ್ಕೂ ಮೇಲೆ. ಸ್ವಲ್ಪ ದೊಡ್ಡ ಮಗು ಆಗಬಹುದು, ವಿಶೇಷ ಆರೈಕೆ ಬೇಕಾದ ಮಗು ಆಗಬಹುದು ಅಂದವರಿಗೆ ಬೇಗ. ಸರತಿ ಬಂದಾಗ ಮಗುವಿನ ಫೋಟೊ, ವೈದ್ಯಕೀಯ ವರದಿ ಬರುತ್ತದೆ. 48 ಗಂಟೆಯೊಳಗೆ ಕಾಯ್ದಿರಿಸಬೇಕು. ದತ್ತು ಆದೇಶ ಕೊಡುವುದು ಈಗ ಕೋರ್ಟಲ್ಲ, ಜಿಲ್ಲಾಧಿಕಾರಿ. ಶುಲ್ಕ ಸರ್ಕಾರ ಗೊತ್ತುಮಾಡಿದ್ದು, ಒಂದು ಸುತ್ತು ಐವಿಎಫ್‌ನ ಅರ್ಧವೂ ಆಗುವುದಿಲ್ಲ. ಅನುಮಾನ ಇದ್ದರೆ ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಕೇಳಿ.

ಅಕ್ಕನ ಮಗುವನ್ನೋ ಭಾವನ ಮಗುವನ್ನೋ ತೆಗೆದುಕೊಳ್ಳುವ ರೂಢಿ ನಮ್ಮಲ್ಲಿ ಹಿಂದಿನಿಂದ ಇದೆ. ಹಿಂದೂಗಳಿಗೆ 1956ರ ಕಾಯ್ದೆಯಡಿ ಅದು ಆಗುತ್ತದೆ, ಆದರೆ ದತ್ತು ಪತ್ರವನ್ನು ನೋಂದಣಿ ಮಾಡಿಸಿ. ಬರೀ ಬಾಯಿಮಾತಿನ ದತ್ತು ಮುಂದೆ ತೋಟದ ಪಾಲಿನ ಹೊತ್ತಿಗೆ ಜಗಳವಾಗುತ್ತದೆ. ಇನ್ನು, "ಆಸ್ಪತ್ರೆಯಲ್ಲಿ ಬಿಟ್ಟುಹೋದ ಕೂಸಿದೆ, ಕೊಡಿಸ್ತೀನಿ" ಅನ್ನುವವರ ಫೋನನ್ನು ಕೂಡಲೇ ಇಡಿ. ಅದು ಮಗು ಮಾರಾಟ. 5 ವರ್ಷದವರೆಗೆ ಶಿಕ್ಷೆ, ಆಸ್ಪತ್ರೆಯವರೇ ಮಾಡಿದರೆ 7ರವರೆಗೆ.

ಯಾವುದು ಮೊದಲು?

ಇದನ್ನು ಯಾರೂ ನಮಗೆ ಹೇಳಲಿಲ್ಲ. ದತ್ತು ಮಗು ಮನೆಗೆ ಬಂದರೆ ಬಾಡಿಗೆ ತಾಯ್ತನದ ಬಾಗಿಲು ಮುಚ್ಚುತ್ತದೆ, ಯಾಕೆಂದರೆ ಬದುಕಿರುವ ಮಗು ಇರಬಾರದು ಅನ್ನುವುದೇ ನಿಯಮ. ಆದರೆ ದತ್ತಿಗೆ ಹೆಸರು ಬರೆಸಿ ಕಾಯುತ್ತಿದ್ದರೆ ಮುಚ್ಚುವುದಿಲ್ಲ. ಐವಿಎಫ್‌ಗಂತೂ ಯಾವ ಅಡ್ಡಿಯೂ ಇಲ್ಲ. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಹೆಂಡತಿಯ ಗರ್ಭಕೋಶ ಚೆನ್ನಾಗಿದ್ದು ವಯಸ್ಸು 35ರ ಆಸುಪಾಸು ಇದ್ದರೆ ಐವಿಎಫ್‌ಗೆ ಎಷ್ಟು ಸುತ್ತು, ಎಷ್ಟು ದುಡ್ಡು ಅಂತ ಮೊದಲೇ ಗೆರೆ ಹಾಕಿಕೊಳ್ಳಿ. ಮೊದಲ ಸುತ್ತು ಸೋತ ವಾರವೇ ದತ್ತಿಗೂ ಹೆಸರು ಬರೆಸಿ, ಸರತಿ ತನ್ನ ಪಾಡಿಗೆ ಸಾಗಲಿ. ಗರ್ಭಕೋಶವೇ ಇಲ್ಲದವರು ಐವಿಎಫ್ ಬೋರ್ಡುಗಳ ಹಿಂದೆ ಅಲೆಯಬೇಡಿ. ನಿಮ್ಮ ಸುತ್ತ ಹಂಗಿಲ್ಲದೆ ಹೂಂ ಅನ್ನಬಲ್ಲ ಒಬ್ಬಳು ಇದ್ದಾಳಾ ನೋಡಿ. ಇದ್ದರೆ ಮಂಡಳಿಗೆ ಹೋಗಿ. ಇಲ್ಲದಿದ್ದರೆ ಹುಡುಕುತ್ತಾ ವರ್ಷ ಕಳೆಯಬೇಡಿ.

ತಂಗಿ, ಭಾವ ಹೆಸರು ಬರೆಸಿದಾಗ ಇಬ್ಬರದೂ ಸೇರಿ 80. ಇನ್ನೂ ಕಾಯುತ್ತಿದ್ದಾರೆ. ಬೆಂಗಳೂರಿನಲ್ಲಿ ಅವರ ಎರಡು ಭ್ರೂಣಗಳು ಇನ್ನೂ ಮಂಜಿನಲ್ಲಿವೆ. ಕಾಯ್ದೆ ಪ್ರಕಾರ 10 ವರ್ಷದವರೆಗೆ ಇಡಬಹುದು, ವರ್ಷಕ್ಕೊಮ್ಮೆ ಶುಲ್ಕ ಕಟ್ಟಬೇಕು. ಪ್ರತಿ ವರ್ಷ ಆ ಬಿಲ್ ಬಂದಾಗ ಭಾವ ಕೇಳುತ್ತಾನೆ, "ಕಟ್ಟೋಣವಾ?" ಈ ಸಲ ತಂಗಿ ಮೆಣಸು ಮಾರಿದ ದುಡ್ಡಿನಲ್ಲಿ ಕಟ್ಟಿದಳು.